ದಾರಿ ಮಾಡಿದ ಬಂಡಿ

ನಿವೃತ್ತಿಯಾದ ಮನುಷ್ಯನಿಗೆ ಏನಾದರೊಂದು ಹುಚ್ಚು ಹಿಡಿಯುವುದು ಲೋಕದಲ್ಲಿ ಸಹಜ. ಕೆಲವರು ಗುಲಾಬಿ ಗಿಡ ಬೆಳೆಸುತ್ತಾರೆ. ಕೆಲವರು ಪತ್ರಿಕೆಯ ಸಂಪಾದಕರಿಗೆ ಕಾಗದ ಬರೆಯುತ್ತಾರೆ. ಇನ್ನು ಕೆಲವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರಿಗೆ ಹುಳಿ ಹೆಚ್ಚಾಯಿತೆಂದು ತೀರ್ಪು ಕೊಡುತ್ತಾರೆ. ಬೆಂಗಳೂರಿನ ಹಲಸೂರು ಕೆರೆಯ ಸಮೀಪದಲ್ಲಿ ವಾಸವಾಗಿರುವ ಒಬ್ಬ ನಕ್ಷೆಗಾರರಿಗೆ ಹಿಡಿದದ್ದು ಇವಾವುದೂ ಅಲ್ಲ. ಮೂವತ್ತೈದು ವರ್ಷ ರಸ್ತೆ, ಮೋರಿ, ಸೇತುವೆಗಳ ನಕ್ಷೆ ಬರೆದು ವಿಶ್ರಾಂತಿ ಪಡೆದ ಅವರು ಯುದ್ಧದ ಟ್ಯಾಂಕುಗಳ ಪುಟ್ಟ ಮಾದರಿಗಳನ್ನು ಕಟ್ಟತೊಡಗಿದರು.

ಈ ವಿದ್ಯೆ ಹೊರಗಿನಿಂದ ನೋಡುವವರಿಗೆ ಮಕ್ಕಳಾಟದಂತೆ ಕಾಣುವುದು. ಪೆಟ್ಟಿಗೆಯನ್ನು ತೆರೆದರೆ ಒಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳು; ಅವುಗಳಿಗೆ ಅಂಟಿಕೊಂಡು, ಬಳ್ಳಿಯಲ್ಲಿ ಕಾಯಿ ಬಿಟ್ಟಂತೆ, ನೂರಾರು ಬಿಡಿಭಾಗಗಳು. ಒಂದೊಂದನ್ನೂ ಕತ್ತರಿಸಿ, ಅರದಿಂದ ಉಜ್ಜಿ, ಚಿಮುಟದಿಂದ ಹಿಡಿದು, ಅಂಟು ಸವರಿ ಕೂಡಿಸಬೇಕು. ಇಂಥ ಮಾದರಿಗಳಲ್ಲಿ ಬಹಳ ಬಳಕೆಯಲ್ಲಿರುವುದು 35ರಲ್ಲಿ 1ರ ಪ್ರಮಾಣ. ಅದು ಬಂದದ್ದೂ ಒಂದು ವಿನೋದ. 1960ರ ದಶಕದ ಆರಂಭದಲ್ಲಿ ಜಪಾನಿನ ಶಿಜುವೋಕದ ತಮಿಯಾ ಕಂಪನಿಯವರು ಜರ್ಮನರ ಪ್ಯಾಂಥರ್ ಟ್ಯಾಂಕಿನ ಆಟಿಕೆಯನ್ನು ಮಾಡಿದಾಗ, ಅದರ ಹೊಟ್ಟೆಯಲ್ಲಿ ಮೋಟಾರು, ಬ್ಯಾಟರಿಗಳು ಹಿಡಿಸುವಷ್ಟು ಗಾತ್ರವನ್ನು ಇಟ್ಟುಕೊಂಡರು. ಅದು ಲೆಕ್ಕಕ್ಕೆ 35ರಲ್ಲಿ 1 ಆಯಿತು. ಬ್ಯಾಟರಿಯ ಅಳತೆಗೆ ಹುಟ್ಟಿದ ಪ್ರಮಾಣವೇ ಮುಂದೆ ಜಗತ್ತಿನ ಹವ್ಯಾಸಿಗಳಿಗೆಲ್ಲ ಶಾಸ್ತ್ರವಾಯಿತು. ಈ ಪ್ರಮಾಣದಲ್ಲಿ ಆಜಾನುಬಾಹುವಾದ ಸೈನಿಕನೂ ಐದು ಸೆಂಟಿಮೀಟರ್ ಎತ್ತರದ ಗೊಂಬೆ.

ನಕ್ಷೆಗಾರರ ಊಟದ ಮೇಜಿನ ಅರ್ಧಭಾಗ ಈ ಗೊಂಬೆಗಳ ವಶವಾಯಿತು. ಮನೆಯಾಕೆಯ ಉಗುರುಬಣ್ಣದ ಸೀಸೆಗಳೂ, ಕೂದಲಿಗೆ ಹಾಕುವ ಪಿನ್ನುಗಳೂ ಒಂದೊಂದಾಗಿ ಕಾಣೆಯಾದವು. ಆಕೆ ಮೊದಮೊದಲು ಗೊಣಗಿದರು. ಆಮೇಲೆ, ಗಂಡ ಅಡುಗೆಮನೆಯ ಕಡೆ ಸುಳಿಯದಿರುವುದೇ ದೊಡ್ಡ ಲಾಭವೆಂದು ಸುಮ್ಮನಾದರು.

ಮಹಡಿಯ ಮೇಲೆ ನಕ್ಷೆಗಾರರ ಅಣ್ಣ ಇದ್ದರು. ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ, ಹಲಸೂರು ಕೆರೆಯ ದಂಡೆಯಲ್ಲೇ ಕೇಂದ್ರವುಳ್ಳ, ಸೇನೆಯ ಎಂಜಿನಿಯರ್ ಪಡೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಸ್ಯಾಪರ್ ಎಂದರೆ ಸೈನ್ಯಕ್ಕೆ ದಾರಿ ಮಾಡಿಕೊಡುವವನು: ಸೇತುವೆ ಕಟ್ಟುವವನು, ಅಡ್ಡಗೋಡೆ ಒಡೆಯುವವನು, ನೆಲದಲ್ಲಿ ಹೂತಿಟ್ಟ ಬಾಂಬುಗಳನ್ನು ಹುಡುಕಿ ತೆಗೆಯುವವನು. 1971ರ ಡಿಸೆಂಬರಿನಲ್ಲಿ ಶಕರ್‌ಗಢ ರಂಗದ ಬಸಂತರ್ ನದಿಯ ಬಳಿ, ಟ್ಯಾಂಕುಗಳು ದಾಟುವುದಕ್ಕೆ ನೆಲಬಾಂಬುಗಳ ನಡುವೆ ಓಣಿ ಬಿಡಿಸಿದ ಸ್ಯಾಪರ್‌ಗಳಲ್ಲಿ ಅವರೂ ಒಬ್ಬರೆಂಬುದು ಮನೆಯವರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ; ಯಾರೂ ಕೇಳಿರಲಿಲ್ಲ.

ಸುಬೇದಾರರಲ್ಲಿ ಒಂದು ಅಭ್ಯಾಸವನ್ನು ಮಾತ್ರ ಎಲ್ಲರೂ ಕಂಡಿದ್ದರು. ಹೊಸದಾಗಿ ಅಗೆದ ಮಣ್ಣನ್ನು ಅವರು ತುಳಿಯುತ್ತಿರಲಿಲ್ಲ. ಬೆಂಗಳೂರಿನಂಥ ಊರಿನಲ್ಲಿ ಇದು ಸಾಮಾನ್ಯ ಕಷ್ಟವಲ್ಲ. ನೀರಿನವರು ಮುಚ್ಚಿದ್ದನ್ನು ವಿದ್ಯುತ್ತಿನವರು ಅಗೆಯುವರು. ವಿದ್ಯುತ್ತಿನವರು ಮುಚ್ಚಿದ್ದನ್ನು ಇನ್ನಾರೋ ಅಗೆಯುವರು. ಸುಬೇದಾರರು ಎದುರು ಸಾಲಿನ ಅಂಗಡಿಗೆ ಹೋಗಬೇಕಾದರೆ ಬೀದಿಯ ತುದಿಯವರೆಗೆ ನಡೆದು ಬಳಸಿ ಬರುವರು. ಬೀದಿಯವರು ಇದನ್ನು ವೃದ್ಧಾಪ್ಯದ ಲಕ್ಷಣವೆಂದು ನಗುತ್ತಿದ್ದರು. ನಕ್ಷೆಗಾರರೂ ಒಮ್ಮೊಮ್ಮೆ ನಕ್ಕಿದ್ದುಂಟು.

ತಮ್ಮನ ಟ್ಯಾಂಕುಗಳ ಬಗ್ಗೆ ಸುಬೇದಾರರಿಗೆ ಕುತೂಹಲವಿರಲಿಲ್ಲ. ಪ್ಯಾಂಥರ್ ಸಿದ್ಧವಾಯಿತು, ಷರ್ಮನ್ ಸಿದ್ಧವಾಯಿತು. ಉದ್ದನೆಯ ಫಿರಂಗಿಗಳನ್ನು ಚಾಚಿ ಗಾಜಿನ ಬೀರುವಿನಲ್ಲಿ ನಿಂತವು. ಅಣ್ಣ ಕಾಫಿಗೆಂದು ಕೆಳಗಿಳಿದು ಬಂದವರು ಅವುಗಳ ಮೇಲೆ ಒಮ್ಮೆ ಕಣ್ಣಾಡಿಸಿ, “ಚೆನ್ನಾಗಿದೆ” ಎಂದು ಪತ್ರಿಕೆಯನ್ನು ಬಿಡಿಸಿಕೊಳ್ಳುವರು. ತಮ್ಮನಿಗೆ ಇದು ಒಳಗೊಳಗೇ ನೋವಿನ ಸಂಗತಿ. ಸೈನ್ಯದಲ್ಲಿದ್ದವರೊಬ್ಬರು ಮೆಚ್ಚದ ಮೇಲೆ ಉಳಿದವರ ಮೆಚ್ಚುಗೆಯಿಂದ ಏನು ಪ್ರಯೋಜನ?

ಹೀಗಿರುವಾಗ ನಕ್ಷೆಗಾರರು ಒಂದು ವಿಚಿತ್ರ ಬಂಡಿಯ ಪೆಟ್ಟಿಗೆಯನ್ನು ತಂದರು. ಅದು ಬ್ರಿಟಿಷರ ಚರ್ಚಿಲ್ ಟ್ಯಾಂಕನ್ನು ಎಂಜಿನಿಯರುಗಳಿಗಾಗಿ ಮಾರ್ಪಡಿಸಿದ ಬಂಡಿ, ಎ.ವಿ.ಆರ್.ಇ. ಎಂದು ಅದರ ಹೆಸರು. ಹೆಸರಿನಂತೆಯೇ ರೂಪವೂ ಅಂದವಲ್ಲ. ಚೂಪಾದ ಫಿರಂಗಿಯ ಜಾಗದಲ್ಲಿ ಒರಳಿನ ಹಾಗೆ ಮೊಂಡಾದ ಒಂದು ತೂಬು. ಮುಂಭಾಗದಲ್ಲಿ ಕಟ್ಟಿಗೆಯ ಹೊರೆ.

ಅದರ ಹುಟ್ಟಿನ ಹಿಂದೆ ಒಂದು ದೊಡ್ಡ ದುರಂತವಿತ್ತು. 1942ರ ಆಗಸ್ಟ್ 19ರಂದು ಕೆನಡಾದ ಸೈನ್ಯವು ಫ್ರಾನ್ಸಿನ ದಿಯೆಪ್ ತೀರದ ಮೇಲೆ ದಾಳಿ ಮಾಡಿತು. ಟ್ಯಾಂಕುಗಳು ದಡವನ್ನೇನೋ ಸೇರಿದವು. ಊರೊಳಗೆ ನುಗ್ಗಲು ಕಾಂಕ್ರೀಟಿನ ತಡೆಗಳು ಅಡ್ಡವಾದವು. ಅವುಗಳನ್ನು ಸಿಡಿಸಬೇಕಾದ ಎಂಜಿನಿಯರುಗಳು ಸ್ಫೋಟಕಗಳನ್ನು ಹೊತ್ತು, ಯಾವ ಮರೆಯೂ ಇಲ್ಲದ ದಂಡೆಯಲ್ಲಿ ನಡೆಯಬೇಕಾಗಿತ್ತು. ಗುಂಡಿನ ಮಳೆಯಲ್ಲಿ ಅವರು ತಡೆಗಳನ್ನು ತಲಪುವ ಮೊದಲೇ ಬಿದ್ದರು. ಹಾಗಾದರೆ ಎಂಜಿನಿಯರನನ್ನೇ ಟ್ಯಾಂಕಿನೊಳಗೆ ಕೂರಿಸಿದರೇನು ಎಂಬ ಯೋಚನೆ ಕೆನಡಾದ ಎಂಜಿನಿಯರ್ ಅಧಿಕಾರಿ ಡೆನೊವನ್ ಎಂಬುವರಿಗೆ ಹೊಳೆಯಿತು. ಅದೇ ಈ ಬಂಡಿಯಾಯಿತು.

ಇಂಥ ಬಂಡಿಗಳನ್ನೆಲ್ಲ ಒಂದು ಪಡೆಯಾಗಿ ಕಟ್ಟಿದವರು ಪರ್ಸಿ ಹೋಬಾರ್ಟ್. ನೈನಿತಾಲಿನಲ್ಲಿ ಹುಟ್ಟಿ, ಬಂಗಾಳದ ಸ್ಯಾಪರ್ ಪಡೆಯಲ್ಲಿ ಕೆಲಸ ಮಾಡಿದವರು. ಮೇಲಿನವರೊಡನೆ ಹೊಂದದೆ 1940ರಲ್ಲಿ ನಿವೃತ್ತರಾಗಬೇಕಾಗಿ ಬಂದಾಗ, ಜನರಲ್ ಆಗಿದ್ದ ಆತ ತನ್ನ ಊರಿನ ಕಾವಲುದಳದಲ್ಲಿ ಸಾಮಾನ್ಯ ಲ್ಯಾನ್ಸ್ ಕಾರ್ಪೊರಲ್ ಆಗಿ ಸೇರಿದರು. ಆಮೇಲೆ ಪ್ರಧಾನಿ ಚರ್ಚಿಲ್ಲರೇ ಅವರನ್ನು ಹಿಂದಕ್ಕೆ ಕರೆಸಿದರು. 1943ರಲ್ಲಿ 79ನೆಯ ಕವಚ ಡಿವಿಷನ್ ಅವರ ಕೈಯಲ್ಲಿ ಹೊಸ ರೂಪ ತಾಳಿತು. ಸರಪಣಿಗಳಿಂದ ನೆಲವನ್ನು ಬಡಿದು ಬಾಂಬುಗಳನ್ನು ಸಿಡಿಸುವ ಟ್ಯಾಂಕು, ಮೆತ್ತನೆಯ ಮರಳಿನ ಮೇಲೆ ಚಾಪೆ ಹಾಸುವ ಟ್ಯಾಂಕು, ಮೂವತ್ತು ಅಡಿಯ ಸೇತುವೆಯನ್ನು ಮೂಗಿನ ಮೇಲೆ ಹೊತ್ತ ಟ್ಯಾಂಕು, ಹೀಗೆ ಒಂದಕ್ಕಿಂತ ಒಂದು ವಿಚಿತ್ರ. ಸೈನಿಕರು ಇವನ್ನು ‘ಹೋಬಾರ್ಟನ ತಮಾಷೆಗಳು’ ಎಂದು ಕರೆದರು. ತಮಾಷೆಯ ಬೆಲೆ 1944ರ ಜೂನ್ 6ರಂದು, ನಾರ್ಮಂಡಿಯ ದಂಡೆಯಲ್ಲಿ ತಿಳಿಯಿತು.

ನಕ್ಷೆಗಾರರು ಈ ಬಂಡಿಗೆ ಆರು ತಿಂಗಳು ದುಡಿದರು. ಇಪ್ಪತ್ತೊಂದು ಸೆಂಟಿಮೀಟರ್ ಉದ್ದದ ಆ ಮಾದರಿಗೆ ಪೆಟ್ಟಿಗೆಯಲ್ಲಿ ಬಂದ ಕಟ್ಟಿಗೆಯ ಹೊರೆ ಅವರಿಗೆ ಒಪ್ಪಿಗೆಯಾಗಲಿಲ್ಲ. ನಿಜವಾದ ಹೊರೆ ಎಂಟು ಅಡಿ ದಪ್ಪವಿರುತ್ತಿತ್ತು. ಹಳ್ಳದೊಳಗೆ ಕೆಡವಿ ಅದರ ಮೇಲೆ ಟ್ಯಾಂಕನ್ನು ದಾಟಿಸುತ್ತಿದ್ದರು. ತೆಂಗಿನ ಪೊರಕೆಯ ಕಡ್ಡಿಗಳನ್ನು ಸೀಳಿ, ಏಳು ಸೆಂಟಿಮೀಟರ್ ದಪ್ಪಕ್ಕೆ ತಂತಿಯಿಂದ ಬಿಗಿದು ಅವರೇ ಹೊರೆ ಕಟ್ಟಿದರು. ಎರಡು ಪೊರಕೆಗಳು ಖರ್ಚಾದವು. ಮನೆಯಾಕೆ ಮೂರನೆಯದನ್ನು ಬಚ್ಚಿಟ್ಟರು.

ಒಂದು ಬೆಳಗ್ಗೆ ಸುಬೇದಾರರು ಕಾಫಿಯ ಲೋಟ ಹಿಡಿದು ಮೇಜಿನ ಬಳಿ ನಿಂತರು. ಹೊರೆಯ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕುರ್ಚಿಯನ್ನೆಳೆದು ಕುಳಿತರು. ಆಮೇಲೆ ಆ ಮೊಂಡು ತೂಬನ್ನು ತೋರಿಸಿ ಕೇಳಿದರು:

“ಇದಕ್ಕೆ ಗುಂಡು ತುಂಬೋದು ಎಲ್ಲಿಂದಲೋ?”

ತಮ್ಮ ಉತ್ಸಾಹದಿಂದ ವಿವರಿಸಿದರು. ಹದಿನೆಂಟು ಕಿಲೋ ತೂಕದ ಅದರ ಗುಂಡನ್ನು ಸೈನಿಕರು ‘ಹಾರುವ ಕಸದ ಡಬ್ಬಿ’ ಎನ್ನುತ್ತಿದ್ದರು. ಅದು ಹೋಗುತ್ತಿದ್ದದ್ದು ಎಂಬತ್ತು ಗಜದಷ್ಟು. ಆದರೆ ಕಾಂಕ್ರೀಟನ್ನು ಪುಡಿ ಮಾಡುತ್ತಿತ್ತು. ಹೊಸ ಗುಂಡು ತುಂಬಬೇಕಾದರೆ ತೂಬನ್ನು ಮಡಚಿ ಮೇಲ್ಮುಖವಾಗಿ ನಿಲ್ಲಿಸುವುದು. ಚಾಲಕನ ಪಕ್ಕದಲ್ಲಿದ್ದವನು ತಲೆಯ ಮೇಲಿನ ಮುಚ್ಚಳವನ್ನು ಸರಿಸಿ, ಕೆಳಗಿನಿಂದ ಗುಂಡನ್ನು ಅದರೊಳಕ್ಕೆ ತಳ್ಳುವುದು.

“ಹಾಗಾದರೆ ಅವನ ಕೈ ಹೊರಗೆ ಬರಬೇಕು,” ಎಂದರು ಸುಬೇದಾರರು. “ನೀನು ಮುಚ್ಚಳ ಮುಚ್ಚಿಬಿಟ್ಟಿದ್ದೀಯ. ಎಷ್ಟು ದಪ್ಪ ಕಬ್ಬಿಣ ಇದ್ದರೇನು, ನಮ್ಮ ಕೆಲಸದಲ್ಲಿ ಕೈ ಯಾವಾಗಲೂ ಹೊರಗೇ.”

ಅಷ್ಟು ಹೇಳಿ ಅವರು ಮೇಲೆ ಹೋದರು. ಐವತ್ತು ವರ್ಷಗಳಲ್ಲಿ ತಮ್ಮ ಕೆಲಸದ ವಿಚಾರವಾಗಿ ಅಣ್ಣ ಆಡಿದ ಮೊದಲ ಮಾತು ಅದಾಗಿತ್ತು. ಅವರ ಕೋಣೆಯ ಗೋಡೆಯ ಮೇಲಿದ್ದ ಚಿತ್ರದ ಅರ್ಥ ನಕ್ಷೆಗಾರರಿಗೆ ಆಗ ಹೊಳೆಯಿತು. ಅದು ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಹ್ಮಣ್ಯನ್ ಅವರ ಚಿತ್ರ. 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೋ ಬಳಿ, ಜೊತೆಯವನ ಕಾಲಡಿಯಲ್ಲಿ ನೆಲಬಾಂಬು ಸದ್ದು ಮಾಡಿದಾಗ, ಉಳಿದವರನ್ನು ಕಾಪಾಡಲು ತನ್ನ ದೇಹವನ್ನೇ ಅದರ ಮೇಲೆ ಚೆಲ್ಲಿದವರು. ಮರಣಾನಂತರ ಜಾರ್ಜ್ ಕ್ರಾಸ್ ಪಡೆದವರು.

ಅದೇ ದಿನಗಳಲ್ಲಿ ನಕ್ಷೆಗಾರರು ಗ್ರೇ ಸುರ್ ಮೇರ್ ಎಂಬ ಊರಿನ ಕಥೆಯನ್ನು ಓದಿದರು. ನಾರ್ಮಂಡಿಯ ಆ ದಂಡೆಯಲ್ಲಿ, ಜೂನ್ 6ರ ಬೆಳಗ್ಗೆ, ಇಂಥದೇ ಒಂದು ಬಂಡಿ ಕಟ್ಟಿಗೆಯ ಹೊರೆ ಹೊತ್ತು ಮುನ್ನಡೆದು, ನೀರು ತುಂಬಿದ ಹೊಂಡದೊಳಕ್ಕೆ ಜಾರಿ ಮುಳುಗಿತು. ‘ಒನ್ ಚಾರ್ಲಿ’ ಎಂದು ಅದರ ಹೆಸರು. ಒಳಗಿದ್ದ ಆರು ಜನ ಹೇಗೋ ಹೊರಬಂದರು; ಆದರೆ ಅವರಲ್ಲಿ ಕೆಲವರು ಮರಳದಿಬ್ಬದ ಬಳಿ ಶತ್ರುವಿನ ಗುಂಡಿಗೆ ತುತ್ತಾದರು. ಬಂಡಿಯನ್ನು ಎತ್ತಲು ಸಮಯವಿರಲಿಲ್ಲ. ಹಿಂದೆ ಬಂದವರು ಮುಳುಗಿದ ಆ ಬಂಡಿಯ ತಲೆಯನ್ನೇ ಕಂಬವಾಗಿ ಮಾಡಿಕೊಂಡು, ಅದರ ಮೇಲೆ ಸೇತುವೆಯನ್ನು ಇಳಿಸಿ, ಕಟ್ಟಿಗೆಯ ಹೊರೆಗಳಿಂದ ಉಳಿದ ಹೊಂಡವನ್ನು ತುಂಬಿದರು. ಟ್ಯಾಂಕುಗಳು ಅದರ ಮೇಲೆ ಸಾಗಿ ಒಳನಾಡನ್ನು ಸೇರಿದವು. ದಾರಿ ಮಾಡಲು ಬಂದದ್ದು ತಾನೇ ದಾರಿಯಾಯಿತು. 1976ರಲ್ಲಿ ಅಗೆದು ತೆಗೆಯುವವರೆಗೆ, ಮೂವತ್ತೆರಡು ವರ್ಷ, ಅದು ನೆಲದಡಿಯಲ್ಲೇ ಇತ್ತು. ಈಗ ಅದೇ ಊರಿನಲ್ಲಿ ಸ್ಮಾರಕವಾಗಿ ನಿಂತಿದೆ.

ಕಥೆಯನ್ನು ಓದಿದಂದಿನಿಂದ ನಕ್ಷೆಗಾರರಿಗೆ ನೆಮ್ಮದಿ ತಪ್ಪಿತು. ಮುಂದಿನ ವರ್ಷದ ಸ್ಪರ್ಧೆಗೆ ಕಳುಹಿಸಬೇಕೆಂದು ಅವರು ಮಾದರಿಯ ಮೈಮೇಲೆ ತುಕ್ಕು, ಕೆಸರು, ಎಣ್ಣೆಯ ಕಲೆ ಎಲ್ಲವನ್ನೂ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಬರೆದಿದ್ದರು. ಅದನ್ನು ಗಾಜಿನ ಬೀರುವಿನಲ್ಲಿ ನಿಲ್ಲಿಸುವುದೇ, ಅಥವಾ ಅದರ ಕೆಲಸ ಮುಗಿದ ಜಾಗದಲ್ಲಿ ಇಡುವುದೇ? ನೀರನ್ನು ತೋರಿಸಲು ಎರಡು ದ್ರವಗಳನ್ನು ಬೆರೆಸಿ ಹೊಯ್ಯುವ ರಾಳವೊಂದುಂಟು. ಒಮ್ಮೆ ಹೊಯ್ದರೆ ಅದು ಗಾಜಿನಂತೆ ಗಟ್ಟಿಯಾಗುವುದು. ಮತ್ತೆ ತೆಗೆಯುವಂತಿಲ್ಲ.

“ಆರು ತಿಂಗಳ ಕೆಲಸವನ್ನು ಕೆಸರಲ್ಲಿ ಹೂಳ್ತೀರಾ?” ಎಂದು ಮನೆಯಾಕೆ ಕೇಳಿದರು. ಈ ಸಲ ಆಕೆಯ ದನಿಯಲ್ಲಿ ಹಾಸ್ಯವಿರಲಿಲ್ಲ.

ನಕ್ಷೆಗಾರರು ಮೊದಲು ಮುಚ್ಚಳವನ್ನು ಕಿತ್ತು ತೆರೆದಿಟ್ಟರು. ಬಳಿಕ ಹಲಗೆಯ ಮೇಲೆ ಹೊಂಡ ಮಾಡಿ ಬಂಡಿಯನ್ನು ಇಳಿಸಿದರು. ಕಂದು ಬಣ್ಣ ಬೆರೆಸಿದ ರಾಳವನ್ನು ಹೊಯ್ಯುವಾಗ ಅವರ ಕೈ ನಡುಗಿತು. ಗಾಲಿಗಳು, ಸರಪಣಿ, ತುಕ್ಕು, ಕಲೆ, ಎಲ್ಲವೂ ನಿಧಾನವಾಗಿ ಮರೆಯಾದವು. ತಲೆಯ ಮೇಲ್ಭಾಗ ಮಾತ್ರ ಉಳಿಯಿತು. ರಾಳ ಆರಿದ ಮೇಲೆ ಇಪ್ಪತ್ತಾರು ಸೆಂಟಿಮೀಟರಿನ ಸೇತುವೆಯನ್ನು ಅದರ ಮೇಲೆ ಇಡಲು ಅವರು ಅಣ್ಣನನ್ನು ಕರೆದರು. ಸುಬೇದಾರರು ಮಾತಾಡದೆ ಸೇತುವೆಯನ್ನು ಇಟ್ಟರು. ಒಂದು ಕೂದಲಿನಷ್ಟು ಎಡಕ್ಕೆ ಸರಿಸಿದರು. ಹೆಬ್ಬೆರಳಿನಿಂದ ಒತ್ತಿ ಭಾರ ಕೂತಿದೆಯೇ ಎಂದು ನೋಡಿದರು.

ಆ ವರ್ಷ ನವರಾತ್ರಿಯಲ್ಲಿ ಮನೆಯಾಕೆ ಗೊಂಬೆಗಳ ಕೊನೆಯ ಮೆಟ್ಟಿಲಿನಲ್ಲಿ ಅದಕ್ಕೂ ಸ್ಥಳ ಕೊಟ್ಟರು. ಪಟ್ಟದ ಗೊಂಬೆಗಳನ್ನೂ ಚೆಟ್ಟಿಯಾರ ಅಂಗಡಿಯನ್ನೂ ನೋಡಿ, ಚರಪು ತಿನ್ನುತ್ತ ಬಂದ ಪಕ್ಕದ ಮನೆಯ ಹುಡುಗನೊಬ್ಬ ಅದರ ಮುಂದೆ ಕುಳಿತು, “ಟ್ಯಾಂಕ್ ಮಾಡಿದ್ದಾರೆ ಅಂದರು, ಬರೀ ಸೇತುವೆ ಇದೆ. ಟ್ಯಾಂಕ್ ಎಲ್ಲಿ ತಾತ?” ಎಂದ.

“ಕೆಳಗಿದೆ ಮಗು,” ಎಂದರು ಸುಬೇದಾರರು.

ಹುಡುಗ ಇನ್ನೊಂದು ಪ್ರಶ್ನೆ ಕೇಳಿದ. ಅದಕ್ಕೂ ಉತ್ತರ ಬಂತು. ಬಂದವರೆಲ್ಲ ಹೋದ ಮೇಲೆ, ದೀಪದ ಬೆಳಕಿನಲ್ಲಿ, ಸುಬೇದಾರರು ಬಸಂತರ್ ನದಿಯ ಆ ರಾತ್ರಿಯ ವಿಷಯವನ್ನು ತಾವಾಗಿಯೇ ತೆಗೆದರು. ಹೆಚ್ಚೇನೂ ಹೇಳಲಿಲ್ಲ. ಚಳಿ ಎಷ್ಟಿತ್ತೆಂದರು, ಬೆರಳುಗಳು ಮರಗಟ್ಟಿ ಮಣ್ಣಿನ ಸ್ಪರ್ಶ ತಿಳಿಯುತ್ತಿರಲಿಲ್ಲವೆಂದರು, ಓಣಿ ಪೂರ್ತಿ ಆಗುವ ಮೊದಲೇ ಟ್ಯಾಂಕುಗಳು ಬಂದುಬಿಟ್ಟವೆಂದರು. ತಮ್ಮ ಬಲಗಡೆ ಕೆಲಸ ಮಾಡುತ್ತಿದ್ದ ಗೆಳೆಯನ ಹೆಸರನ್ನು ಒಮ್ಮೆ ಉಚ್ಚರಿಸಿದರು. ಮತ್ತೆ ಸುಮ್ಮನಾದರು.

ಮಾದರಿ ಸ್ಪರ್ಧೆಗೆ ಹೋಗಲಿಲ್ಲ. ಈಗ ಅದು ಮಹಡಿಯ ಕೋಣೆಯಲ್ಲಿ, ಗೋಡೆಯ ಚಿತ್ರದ ಕೆಳಗಿದೆ. ಬೀದಿಯಲ್ಲಿ ಅಗೆತ ಇಂದಿಗೂ ನಿಂತಿಲ್ಲ. ಸುಬೇದಾರರು ಹಸಿಮಣ್ಣನ್ನು ತುಳಿಯದೆ ಬೀದಿಯ ತುದಿಯವರೆಗೆ ನಡೆದೇ ಅಂಗಡಿಗೆ ಹೋಗುತ್ತಾರೆ. ಒಂದು ವ್ಯತ್ಯಾಸವೆಂದರೆ, ಈಗ ತಮ್ಮನೂ ಅವರ ಜೊತೆಯಲ್ಲೇ ಬಳಸಿಕೊಂಡು ಹೋಗುತ್ತಾರೆ.