ಒಳಗೆ ಯಾರಿದ್ದಾರೆ?

ಹೆಣ್ಣುಮಕ್ಕಳನ್ನು ಹೊಗಳಬೇಕೆಂದಾಗ ನಮ್ಮಲ್ಲಿ ತಟ್ಟನೆ ಬಾಯಿಗೆ ಬರುವ ಮಾತು, ‘ಬೊಂಬೆ ಇದ್ದ ಹಾಗಿದ್ದಾಳೆ’ ಎಂಬುದು. ಹೆಣ್ಣು ನೋಡಲು ಬಂದವರು ಹೇಳುತ್ತಾರೆ, ಆರತಿ ಎತ್ತುವ ಮುತ್ತೈದೆಯರೂ ಹೇಳುತ್ತಾರೆ. ಕೂರಿಸಿದ ಕಡೆ ಕೂರುವುದು, ಉಡಿಸಿದ್ದನ್ನು ಉಡುವುದು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು, ಇಷ್ಟೂ ಗುಣಗಳು ಆ ಒಂದು ಮಾತಿನಲ್ಲಿ ಅಡಗಿವೆ. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಯಲ್ಲಿ ಬೆಳೆದ ನನಗೂ ಪಟ್ಟದ ಬೊಂಬೆಗಳೆಂದರೆ ಅಕ್ಕರೆಯೇ. ಆದರೆ ಆ ಬೊಂಬೆ ಇದ್ದಕ್ಕಿದ್ದಂತೆ ಎದ್ದು ಕೈ ಆಡಿಸಿದರೆ? ಹೊಗಳುವವರು ಗಾಬರಿಯಾಗಿ ಹಿಂದೆ ಸರಿದಾರು!

ಎದ್ದು ಕೈ ಆಡಿಸುವ ಬೊಂಬೆಗಳನ್ನು ಈಗ ನೀವೆಲ್ಲ ನೋಡಿಯೇ ಇರುತ್ತೀರಿ. ಗಣೇಶನ ಪೆಂಡಾಲಿನಲ್ಲಿ ರಾಕ್ಷಸನ ಎದೆಗೆ ತ್ರಿಶೂಲ ಹಾಕುವ ದೇವಿ, ಬಟ್ಟೆ ಅಂಗಡಿಯ ಬಾಗಿಲಲ್ಲಿ ಬಗ್ಗಿ ಬಗ್ಗಿ ನಮಸ್ಕಾರ ಮಾಡುವ ಸೇವಕ, ಮಕ್ಕಳ ಪಾರ್ಕುಗಳಲ್ಲಿ ಬಾಯಿ ತೆರೆಯುವ ಮೊಸಳೆ. ನಾವು ಕ್ಷಣ ಹೊತ್ತು ನಿಂತು ನೋಡಿ ಮುಂದೆ ಹೋಗುತ್ತೇವೆ. ನಾನೂ ಹಾಗೇ ಹೋಗುತ್ತಿದ್ದೆ, ನನ್ನ ತರಗತಿಯ ಒಬ್ಬ ಹುಡುಗಿ ತಡೆದು ನಿಲ್ಲಿಸುವವರೆಗೆ.

ಕುಂದಾಣದಿಂದ ಏಳನೇ ತರಗತಿಯ ಮಕ್ಕಳನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ತಲೆ ಆಡಿಸಿ ಗರ್ಜಿಸುವ ಡೈನೋಸಾರ್ ಮುಂದೆ ಗಂಡುಹುಡುಗರೆಲ್ಲ ಕಿರುಚಿ ನಕ್ಕು ಕುಣಿದಾಡುತ್ತಿದ್ದರು. ಈ ಹುಡುಗಿ ಮಾತ್ರ ಅದರ ಬೆನ್ನ ಹಿಂದೆ ಹೋಗಿ ಬಗ್ಗಿ ನೋಡುತ್ತಿದ್ದಳು.

“ಮಿಸ್, ಒಳಗ್ ಯಾರವ್ರೆ?”

“ಯಾರೂ ಇಲ್ಲಮ್ಮ, ಮೋಟಾರಿದೆ.”

“ಮೋಟಾರ್ ಇಟ್ಟೋರ್ ಯಾರು ಮಿಸ್?”

ಇದಕ್ಕೆ ನನ್ನ ಬಿ.ಎಡ್.ನಲ್ಲಿ ಉತ್ತರವಿರಲಿಲ್ಲ. ನಮ್ಮ ಜೊತೆಗಿದ್ದ ಇನ್ನೊಬ್ಬ ಶಿಕ್ಷಕಿ, “ಹೆಣ್ಣುಹುಡುಗಿ, ಅಲ್ಲೆಲ್ಲ ಬಗ್ಗಬಾರದು, ಬಾ ಈಕಡೆ” ಎಂದು ಅವಳ ಕೈ ಹಿಡಿದು ಎಳೆದರು. ಬಸ್ಸು ಹತ್ತಿದ ಮೇಲೂ ಆ ಪ್ರಶ್ನೆ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು. ಅಲ್ಲಿಂದ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಓದುತ್ತ ಹೋದರೆ ಈ ವಿದ್ಯೆ ನಮ್ಮ ನೆರೆಮನೆಯದೇ! ಕುಂದಾಣದವರಿಗೆ ದೇವನಹಳ್ಳಿಯೆಂದರೆ ಸಂತೆಗೂ ಕಚೇರಿಗೂ ಹೋಗಿಬರುವ ಊರು. ಅಲ್ಲಿ ಕೋಟೆಯ ಹತ್ತಿರ ಟಿಪ್ಪು ಹುಟ್ಟಿದ ಜಾಗವೆಂದು ಕಲ್ಲು ನೆಟ್ಟಿದ್ದಾರೆ. ಆ ಟಿಪ್ಪುವಿನ ಅರಮನೆಯಲ್ಲಿ ಒಂದು ಮರದ ಹುಲಿಯಿತ್ತು. ಉದ್ದ ಆರು ಅಡಿಗೆ ಸ್ವಲ್ಪ ಕಡಿಮೆ. ಕೆಳಗೆ ಅಂಗಾತ ಬಿದ್ದ ಯುರೋಪಿನವನೊಬ್ಬ, ಅವನ ಕತ್ತಿಗೆ ಬಾಯಿ ಹಾಕಿದ ಹುಲಿ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ, ಬಿದ್ದವನ ಕೈ ಮೇಲೇಳುತ್ತದೆ, ಅವನ ಗೋಳೂ ಹುಲಿಯ ಗುರುಗುಟ್ಟುವಿಕೆಯೂ ಒಟ್ಟಿಗೆ ಕೇಳುತ್ತವೆ. ಹುಲಿಯ ಪಕ್ಕೆಯಲ್ಲೊಂದು ಬಾಗಿಲಿದೆ, ತೆಗೆದರೆ ಹಾರ್ಮೋನಿಯಂ ಹಾಗೆ ನುಡಿಸುವ ಗುಂಡಿಗಳು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಇದು ಇಂಗ್ಲಿಷರ ಕೈಸೇರಿತು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನರ ನೋಟಕ್ಕೆ ಇಟ್ಟರು. ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತ ಕೂತವರಿಗೆ ತಲೆಚಿಟ್ಟು ಹಿಡಿಯುತ್ತಿತ್ತಂತೆ. ಎರಡನೇ ಮಹಾಯುದ್ಧದ ಬಾಂಬಿನಿಂದ ಅದು ಚೂರಾದರೂ ಮತ್ತೆ ಜೋಡಿಸಿದರು. ಈಗ ಅದು ಅಲ್ಲಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಹುಲಿಯ ಯಜಮಾನ ಯಾರೆಂದು ಪುಸ್ತಕಗಳೆಲ್ಲ ಹೇಳುತ್ತವೆ. ಮರ ಕೆತ್ತಿದವರು, ಪಟ್ಟೆ ಬರೆದವರು, ತಿದಿ ಹೊಲಿದವರು ಯಾರೆಂದು ಒಂದರಲ್ಲೂ ಇಲ್ಲ. ನಮ್ಮ ಮನೆಗಳಲ್ಲಿ ಹಬ್ಬದೂಟ ಚೆನ್ನಾಗಿತ್ತೆಂದು ಊರೆಲ್ಲ ಹೊಗಳುತ್ತದೆ, ಒಲೆಯ ಮುಂದೆ ಬೆಂದವಳ ಹೆಸರು ಯಾರಿಗೆ ಬೇಕು? ಹಾಗೇ ಇದೂ.

ಇನ್ನೂ ಹಿಂದಕ್ಕೆ ಹೋದರೆ ಹನ್ನೊಂದನೇ ಶತಮಾನದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯವಿದೆ. ಅದರಲ್ಲಿ ಕುಣಿಯುವ ಬೊಂಬೆ, ದೀಪಕ್ಕೆ ಎಣ್ಣೆ ಹೊಯ್ಯುವ ಬೊಂಬೆ ಎಲ್ಲ ಬರುತ್ತವೆ. ಓದಿದಾಗ ನಗು ಬಂತು. ದಣಿಯದ, ಎದುರಾಡದ ಕೆಲಸದವಳ ಕನಸು ಎಷ್ಟು ಹಳೆಯದು ನೋಡಿ!

ಪಾರ್ಕುಗಳಿಗೆ ಈ ಬೊಂಬೆಗಳನ್ನು ತಂದವನು ಅಮೆರಿಕದ ವಾಲ್ಟ್ ಡಿಸ್ನಿ. ಪ್ರವಾಸದಲ್ಲಿ ಕೊಂಡ ಒಂದು ಹಳೆಯ ಯಂತ್ರದ ಹಕ್ಕಿಯನ್ನು ತನ್ನ ಕೆಲಸಗಾರರ ಮುಂದಿಟ್ಟು, ಬಿಚ್ಚಿ ನೋಡಿ ಎಂದನಂತೆ. 1963ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಹಾಡುವ ಹಕ್ಕಿಗಳ ಕೋಣೆ ತೆರೆಯಿತು. ಟೇಪಿನಲ್ಲಿ ಹಾಡಿನ ಜೊತೆಗೇ ಸಂಜ್ಞೆಗಳನ್ನೂ ಮುದ್ರಿಸಿ, ಅವುಗಳಿಂದ ಗಾಳಿಯ ಒತ್ತಡ ಹರಿಸಿ, ಹಾಡಿಗೆ ತಕ್ಕಂತೆ ಕೊಕ್ಕು ಆಡುವ ಹಾಗೆ ಮಾಡಿದ್ದರು. ಮರುವರ್ಷ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಲಿಂಕನ್ನನ ಬೊಂಬೆ ಕುರ್ಚಿಯಿಂದೆದ್ದು ಭಾಷಣ ಮಾಡಿತು.

ಆ ಹಕ್ಕಿಗಳ ಹಿಂದೆ ಒಬ್ಬ ಹೆಂಗಸಿದ್ದಳು, ಹ್ಯಾರಿಯೆಟ್ ಬರ್ನ್ಸ್. ಡಿಸ್ನಿಯ ಆ ವಿಭಾಗದಲ್ಲಿ ಮೊದಲ ಹೆಂಗಸು ಅವಳೇ. ಫ್ರಾಕು, ಹೈಹೀಲ್ಡ್ ಚಪ್ಪಲಿ ತೊಟ್ಟೇ ಬಂದು ಗಂಡಸರ ಸಾಲಿನಲ್ಲಿ ನಿಂತು ಗರಗಸದ ಯಂತ್ರ ನಡೆಸುತ್ತಿದ್ದವಳು. ಹಕ್ಕಿ ಉಸಿರಾಡಿದಾಗ ಎದೆಯ ಪುಕ್ಕ ಸಹಜವಾಗಿ ಅಲುಗುತ್ತಿರಲಿಲ್ಲ. ಒಂದು ಮೀಟಿಂಗಿನಲ್ಲಿ ಯಜಮಾನ ಮಾತಾಡುತ್ತಿದ್ದಾಗ ಅವನ ಉಣ್ಣೆಯ ಸ್ವೆಟರ್ ಮೊಣಕೈ ಬಳಿ ಹೇಗೆ ಹಿಗ್ಗಿ ಕುಗ್ಗುತ್ತದೆಂದು ಅವಳು ಗಮನಿಸಿದಳು. ಅಂಥದೇ ಉಣ್ಣೆಯನ್ನು ಹಕ್ಕಿಯ ಎದೆಗೆ ಹೊದಿಸಿದಳು. ಹಕ್ಕಿ ಉಸಿರಾಡಿತು! ಸ್ವೆಟರ್ ಹೆಣೆದ ಕೈಯವರಿಗೆಲ್ಲ ಈ ಕಥೆ ಹೇಳಬೇಕು ಅನ್ನಿಸುತ್ತದೆ ನನಗೆ.

ತರಗತಿಯಲ್ಲಂತೂ ಹೇಳಿದೆ. ಹುಡುಗಿ ಕಣ್ಣು ಮಿಟುಕಿಸದೆ ಕೇಳಿದಳು. ಆದರೆ ಏಳನೇ ತರಗತಿ ಮುಗಿಯುತ್ತಲೇ ಅವಳ ತಂದೆ ಶಾಲೆಗೆ ಬಂದು ಟಿ.ಸಿ. ಕೇಳಿದರು. “ಸಾಕು ಮೇಡಂ, ರೇಷ್ಮೆ ಹುಳ ಸಾಕೋಕೆ ಮನೇಲಿ ಕೈ ಬೇಕು” ಎಂದರು. ಟಿ.ಸಿ. ಕೊಡುವುದನ್ನು ನಾಲ್ಕು ದಿನ ಮುಂದಕ್ಕೆ ಹಾಕಿಸಿ ಅವರ ಮನೆಗೆ ಹೋದೆ, ಒಮ್ಮೆಯಲ್ಲ, ಮೂರು ಸಲ. ಹ್ಯಾರಿಯೆಟ್ ಬರ್ನ್ಸಳನ್ನು ಕಟ್ಟಿಕೊಂಡು ಅವರಿಗೇನಾಗಬೇಕು? ಮೂರನೇ ಸಲ, ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಕುಟ್ಟಾಣಿ ನಿಲ್ಲಿಸಿ, “ಪಂಪ್‌ಸೆಟ್ ಕೆಟ್ಟಾಗ ಸ್ಟಾರ್ಟರ್ ಬಿಚ್ಚಿ ಸರಿ ಮಾಡಿದ್ದು ಇವಳೇ ಅಲ್ವೇನೋ? ನಿನ್ ಕೈಲಿ ಆಯ್ತಾ? ಕಳಿಸು” ಎಂದರು. ಅಷ್ಟೇ. ನನ್ನ ಮೂರು ದಿನದ ಉಪನ್ಯಾಸಕ್ಕಿಂತ ಆ ಒಂದು ಮಾತು ಕೆಲಸ ಮಾಡಿತು.

ಹುಡುಗಿ ಹತ್ತನೇ ತರಗತಿ ದಾಟಿ ಈಗ ಐ.ಟಿ.ಐ.ನಲ್ಲಿ ಫಿಟ್ಟರ್ ಕೆಲಸ ಕಲಿಯುತ್ತಿದ್ದಾಳೆ. ತರಗತಿಯಲ್ಲಿ ಹೆಣ್ಣುಮಕ್ಕಳು ಇವಳೂ ಇನ್ನೊಬ್ಬಳೂ, ಇಬ್ಬರೇ ಅಂತೆ. ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಉಗುರುಸಂದಿಯಲ್ಲೆಲ್ಲ ಗ್ರೀಸು. “ಎಷ್ಟ್ ತೊಳೆದ್ರೂ ಹೋಗಲ್ಲ ಮಿಸ್, ಅಜ್ಜಿ ಬೈತಾರೆ” ಎಂದು ಕೈ ಹಿಂದಕ್ಕೆ ಬಚ್ಚಿಟ್ಟುಕೊಂಡಳು. ಆ ಕೈಯನ್ನು ಮುಂದಕ್ಕೆಳೆದು ನೋಡಿದೆ. ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಆಮೇಲೆ ಸೀಗೇಪುಡಿಯಲ್ಲಿ ತಿಕ್ಕು, ಹೋಗುತ್ತದೆ ಎಂದೆ.