ಮೇಲಿನಿಂದ ಇಳಿಯುವವನ ಹೊಣೆ

ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಹಿಮದ ಇಳಿಜಾರಿನ ಮೇಲೆ ಜಾರಲು ಕಲಿಯಹೊರಟವನ ಮಾತನ್ನು ಈ ಪುಟಗಳಲ್ಲಿ ಕಂಡು ವಾಚಕರಿಗೆ ತುಸು ಸೋಜಿಗವೆನಿಸೀತು. ಹುಬ್ಬಳ್ಳಿಯ ಪೇಟೆಯಲ್ಲಿ ನಾಲ್ಕು ದಶಕಗಳಿಗೂ ಮಿಕ್ಕಿ ಬಟ್ಟೆಯ ಸಗಟು ವ್ಯಾಪಾರ ಮಾಡಿಕೊಂಡು ಬಂದವನು ನಾನು. ಅಂಗಡಿಯ ಗಾದಿಯ ಮೇಲೆ ಕುಳಿತೇ ಸವೆದ ಮೊಣಕಾಲುಗಳಿಗೆ ಇಂಥ ಸಾಹಸ ತಕ್ಕುದಲ್ಲವೆಂದು ನಮ್ಮ ಮನೆಯವರು ಹೇಳಿದ್ದು ಸುಳ್ಳಲ್ಲ. ಆದರೆ ಮಗಳು ಮತ್ತು ಅಳಿಯ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ನೆಲೆಸಿದ್ದಾರೆ. ಅಲ್ಲಿನ ಶಾಲೆಗಳಿಗೆ ಫೆಬ್ರುವರಿಯಲ್ಲಿ ಕ್ರೀಡಾ ರಜೆ ಎಂಬುದೊಂದುಂಟು. 2024ರ ಆ ರಜೆಯಲ್ಲಿ ಒಂಬತ್ತು ವರ್ಷದ ಮೊಮ್ಮಗನು, "ಅಜ್ಜಾ, ಈ ಸಲ ನೀವೂ ನನ್ನ ಸಂಗಡ ಕಲೀಬೇಕು" ಎಂದು ಹಟ ಹಿಡಿದನು. ಮೊಮ್ಮಕ್ಕಳ ಹಟಕ್ಕೆ ಸೋಲದ ಅಜ್ಜಂದಿರು ವಿರಳ.

ಹೊರಡುವ ಮುನ್ನ ಒಂದು ಸಂದೇಹ ಕಾಡದಿರಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ತಾನು ಅಲೆಯುವುದನ್ನೂ ಪರರನ್ನು ಅಲೆಸುವುದನ್ನೂ ಪ್ರಮಾದಚರ್ಯೆಯೊಳಗೆ ಸೇರಿಸಲಾಗಿದೆ. ಹಿಮವೂ ಜಲಕಾಯದ ಒಂದು ರೂಪವೆಂದು ನಾವು ಓದಿದವರು. ಹಾಗಿರುವಾಗ ಬೆಟ್ಟವನ್ನೇರಿ ಸುಮ್ಮನೆ ಕೆಳಗೆ ಜಾರುವುದಕ್ಕೆ ಪ್ರಯೋಜನವೇನೆಂದು ಯಾರಾದರೂ ಕೇಳಿದರೆ ನನ್ನಲ್ಲಿ ಸಮರ್ಪಕ ಉತ್ತರವಿಲ್ಲ. ಮೊಮ್ಮಗನೊಡನೆ ಒಂದು ವಾರ ಕಳೆಯುವ ಆಸೆಯಿಂದ ಹೋದೆನೆಂಬುದೇ ನಿಜ. ಆ ನಿಜಕ್ಕೆ ಧರ್ಮದ ಹೊದಿಕೆ ಹೊದಿಸಲಾರೆ. ಆದರೆ ಅಲ್ಲಿ ನಡೆದ ಒಂದು ಪ್ರಸಂಗವು ನನ್ನ ವ್ಯಾಪಾರದ ಹಳೆಯ ಲೆಕ್ಕವೊಂದನ್ನು ಮತ್ತೆ ತೆರೆಯಿಸಿತು. ಅದನ್ನು ತಿಳಿಸುವುದಕ್ಕಾಗಿಯೇ ಈ ಬರಹ.

ನಾವು ಆರಿಸಿಕೊಂಡ ಊರು ವೆಂಗೆನ್. ಅಲ್ಲಿಗೆ ಮೋಟಾರು ರಸ್ತೆಯಿಲ್ಲ, ರೈಲಿನಲ್ಲಿಯೇ ಹೋಗಬೇಕು. ಜ್ಯೂರಿಕ್‌ನಿಂದ ಹೊರಟು ಬರ್ನ್, ಇಂಟರ್‌ಲಾಕೆನ್ ಓಸ್ಟ್ ಮತ್ತು ಲೌಟರ್‌ಬ್ರುನ್ನೆನ್ ನಿಲ್ದಾಣಗಳಲ್ಲಿ ಗಾಡಿ ಬದಲಿಸಿದರೆ ಸುಮಾರು ಮೂರು ಗಂಟೆಯಲ್ಲಿ ತಲುಪಬಹುದು. ಇಂಟರ್‌ಲಾಕೆನ್‌ನಿಂದ ಹೊರಡುವ ಚಿಕ್ಕ ಗಾಡಿ ತ್ಸ್ವೈಲ್ಯೂಚಿನೆನ್ ಎಂಬಲ್ಲಿ ಎರಡಾಗಿ ಒಡೆದು, ಒಂದು ಭಾಗ ಲೌಟರ್‌ಬ್ರುನ್ನೆನ್‌ಗೂ ಇನ್ನೊಂದು ಭಾಗ ಗ್ರಿಂಡೆಲ್‌ವಾಲ್ಡ್‌ಗೂ ಹೋಗುತ್ತದೆ. ಡಬ್ಬಿಯ ಮೇಲಿನ ಫಲಕ ನೋಡದೆ ಹತ್ತಿದವರು ಬೇರೊಂದು ಕಣಿವೆಯಲ್ಲಿ ಇಳಿಯಬೇಕಾದೀತು. ಲೌಟರ್‌ಬ್ರುನ್ನೆನ್‌ನಲ್ಲಿ ಸುಮಾರು 300 ಮೀಟರು ಎತ್ತರದಿಂದ ಬೀಳುವ ಸ್ಟೌಬಾಖ್ ಜಲಪಾತವನ್ನು ಕಿಟಕಿಯಿಂದಲೇ ನೋಡುತ್ತ, 1893ರಲ್ಲಿ ಆರಂಭವಾದ ಹಲ್ಲುಹಳಿಯ ರೈಲನ್ನು ಹಿಡಿದೆವು. ಮೆಟ್ಟುಪಾಳ್ಯದಿಂದ ಊಟಿಯ ಕಡೆಗೆ ಹತ್ತುವ ನಮ್ಮ ನೀಲಗಿರಿ ರೈಲನ್ನು ಬಲ್ಲವರಿಗೆ ಇದರ ಬಗೆ ಅಪರಿಚಿತವಲ್ಲ: ಹಳಿಗಳ ನಡುವಿನ ಹಲ್ಲುಪಟ್ಟಿಗೆ ಗಾಡಿಯ ಕೆಳಗಿನ ಹಲ್ಲುಚಕ್ರ ಕಚ್ಚಿಕೊಂಡು, ಹಿಂದೆ ಜಾರದಂತೆ ಮೇಲೇರುತ್ತದೆ. 796 ಮೀಟರು ಎತ್ತರದ ಲೌಟರ್‌ಬ್ರುನ್ನೆನ್‌ನಿಂದ 1274 ಮೀಟರಿನ ವೆಂಗೆನ್‌ಗೆ ಕಾಲು ಗಂಟೆಯೂ ಹಿಡಿಯದು. ಅದೇ ಹಳಿ ಮುಂದೆ 2061 ಮೀಟರಿನ ಕ್ಲೈನ ಶೈಡೆಗ್‌ವರೆಗೆ ಏರುತ್ತದೆ. ಅಲ್ಲಿ ಐಗರ್, ಮ್ಯೋಂಖ್, ಯುಂಗ್‌ಫ್ರೌ ಎಂಬ ಮೂರು ಶಿಖರಗಳು ಎದುರಿಗೇ ನಿಲ್ಲುತ್ತವೆ.

ಹಿಮಜಾರಾಟಕ್ಕೆ ಈ ರೈಲಿನಿಂದಾದ ಉಪಕಾರ ದೊಡ್ಡದು. ಹಿಂದಿನವರು ಸ್ಕೀ ಹಲಗೆಗಳನ್ನು ಹೊತ್ತು ತಾಸುಗಟ್ಟಲೆ ಹತ್ತಿ, ಕೆಲವೇ ನಿಮಿಷ ಜಾರುತ್ತಿದ್ದರು. ವೆಂಗೆನ್‌ಗೆ ಬರುತ್ತಿದ್ದ ಆಂಗ್ಲರು ಏರುವ ಶ್ರಮವನ್ನು ರೈಲಿಗೆ ಬಿಟ್ಟು ಇಳಿಯುವುದನ್ನು ಮಾತ್ರ ಇಟ್ಟುಕೊಂಡರು; 1925ರಲ್ಲಿ ಕಟ್ಟಿಕೊಂಡ ತಮ್ಮ ಸಂಘಕ್ಕೆ 'ಡೌನ್‌ಹಿಲ್ ಓನ್ಲಿ' ಎಂದೇ ಹೆಸರಿಟ್ಟರು. ಕಣಿವೆಯ ಆಚೆ ಬದಿಯ ಮ್ಯೂರೆನ್ ಊರಿನಲ್ಲಿ 1922ರಲ್ಲಿ ಮೊದಲ ಆಧುನಿಕ ಸ್ಲಾಲಂ ಸ್ಪರ್ಧೆ ನಡೆಸಿದ ಆರ್ನಲ್ಡ್ ಲನ್ ಹುಟ್ಟಿದ್ದು 1888ರಲ್ಲಿ ನಮ್ಮ ಮದರಾಸಿನಲ್ಲಿ. ಅವರ ತಂದೆ ಹೆನ್ರಿ ಲನ್ ಅಲ್ಲಿಗೆ ಮಿಷನರಿಯಾಗಿ ಬಂದಿದ್ದರು. ಹಿಮವನ್ನೇ ಕಾಣದ ಊರಿನಲ್ಲಿ ಹುಟ್ಟಿದವನು ಹಿಮದ ಆಟಕ್ಕೆ ನಿಯಮ ಬರೆದನೆಂಬುದನ್ನು ಕೇಳಿ ನನಗೂ ಕೊಂಚ ಧೈರ್ಯ ಬಂತು.

ಊಟದ ವಿಚಾರವನ್ನು ಮೊದಲೇ ಯೋಚಿಸಿದ್ದೆವು. ಫೆಬ್ರುವರಿಯ ನಡುವೆ ಅಲ್ಲಿ ಸಂಜೆ ಆರರೊಳಗೆ ಸೂರ್ಯಾಸ್ತ. ಬೆಟ್ಟದ ಮರೆಯಿಂದಾಗಿ ಬಿಸಿಲು ಅದಕ್ಕೂ ಮೊದಲೇ ಹೋಗುತ್ತದೆ. ಹೋಟೆಲಿನ ರಾತ್ರಿಯೂಟ ನಮಗೆ ಸಲ್ಲದೆಂದು ಅಡಿಗೆಮನೆಯುಳ್ಳ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆವು. ಉಡುಪಿನ ವಿಷಯದಲ್ಲಿ ನನ್ನ ಕಸುಬು ನೆರವಾಯಿತು. ಬೆಚ್ಚನೆಯ ಕೋಟುಗಳಲ್ಲಿ ಬಾತುಕೋಳಿಯ ತುಪ್ಪುಳ ತುಂಬುವುದುಂಟು, ಕೈಗವಸುಗಳಿಗೆ ಚರ್ಮ ಬಳಸುವುದುಂಟು. ಚೀಟಿಗಳನ್ನು ಓದಿ, ಪಾಲಿಯೆಸ್ಟರ್ ತುಂಬಿದ ಕೋಟನ್ನೂ ನೂಲಿನ ಗವಸನ್ನೂ ಹುಡುಕಿ ತೆಗೆದುಕೊಂಡೆ. ಚಳಿ ತಡೆಯುವುದರಲ್ಲಿ ಅವು ಕಡಮೆಯೇನೂ ಆಗಲಿಲ್ಲ.

ಸ್ಕೀ ಹಲಗೆ, ಬೂಟು ಮತ್ತು ಶಿರಸ್ತ್ರಾಣಗಳನ್ನು ಬಾಡಿಗೆಗೆ ಕೊಡುವ ಅಂಗಡಿಯವನು ನನ್ನ ತೂಕ, ಎತ್ತರ, ವಯಸ್ಸುಗಳನ್ನು ಕೇಳಿ, ಎಷ್ಟರಮಟ್ಟಿಗೆ ಬಲ್ಲೆನೆಂದೂ ವಿಚಾರಿಸಿದನು. ಬೂಟನ್ನು ಹಲಗೆಗೆ ಕಚ್ಚಿಸುವ ಕೊಂಡಿಯು, ಬಿದ್ದಾಗ ತಕ್ಕ ಒತ್ತಡಕ್ಕೆ ತಾನೇ ಬಿಚ್ಚಿಕೊಳ್ಳಬೇಕು. ಇಲ್ಲದಿದ್ದರೆ ತಿರುಚಿದ ಕಾಲು ಮುರಿಯುತ್ತದೆ. ಆ ಒತ್ತಡವನ್ನು ಈ ವಿವರಗಳಿಂದಲೇ ನಿಗದಿ ಮಾಡುತ್ತಾರೆ. ಐವತ್ತು ದಾಟಿದವರಿಗೆ ಒಂದು ಮೆಟ್ಟಿಲು ಸಡಿಲ. ನಾನು ಸಂಕೋಚದಿಂದ ನಾಲ್ಕು ಕಿಲೋ ಕಡಮೆ ಹೇಳಿದೆ. ಅವನು ನಕ್ಕು, ಮೂಲೆಯಲ್ಲಿದ್ದ ತೂಕದ ಯಂತ್ರವನ್ನು ತೋರಿಸಿದನು. ಆಯುಷ್ಯವೆಲ್ಲ ಪರರಿಗೆ ಅಳೆದುಕೊಟ್ಟವನು ತನ್ನದೇ ತೂಕದಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದೆ.

ಕಲಿಯುವವರ ಇಳಿಜಾರು ಊರ ನಡುವೆಯೇ ಇದೆ. ಮಕ್ಕಳನ್ನೂ ನನ್ನಂಥವರನ್ನೂ ನೆಲದ ಮೇಲೆ ಚಲಿಸುವ ಅಗಲವಾದ ಪಟ್ಟಿಯೊಂದು ಮೆಲ್ಲನೆ ಮೇಲಕ್ಕೊಯ್ಯುತ್ತದೆ. ಶಿಕ್ಷಕಿ ಮೊದಲು ಕಲಿಸಿದ್ದು ಬೀಳುವುದನ್ನು, ಆಮೇಲೆ ಏಳುವುದನ್ನು, ಅನಂತರ ನಿಲ್ಲುವುದನ್ನು. ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತಬೇಕು, ವೇಗ ಇಳಿಯುತ್ತದೆ. ಆ ಆಕಾರಕ್ಕೆ ಮಕ್ಕಳು ಪಿಜ್ಜಾ ಎನ್ನುತ್ತಾರೆ. "ಅಜ್ಜಾ, ಪಿಜ್ಜಾ ಮಾಡ್ರಿ! ಪಿಜ್ಜಾ!" ಎಂದು ಮೊಮ್ಮಗ ಕೆಳಗಿನಿಂದ ಕೂಗುತ್ತಿದ್ದನು. ಜಾರುವುದಕ್ಕೆ ಪಾಠ ಬೇಕಿಲ್ಲ, ಇಳಿಜಾರೇ ಅದನ್ನು ಮಾಡಿಸುತ್ತದೆ. ನಿಲ್ಲುವುದೊಂದೇ ವಿದ್ಯೆ ಎಂದು ಮೊದಲ ದಿನವೇ ತಿಳಿಯಿತು. ಮೂರು ದಿನಗಳಲ್ಲಿ ಹದಿನೈದಿಪ್ಪತ್ತು ಸಲ ಬಿದ್ದು, ತಿರುಗುವುದನ್ನೂ ನಿಲ್ಲುವುದನ್ನೂ ಒಂದಿಷ್ಟು ಕಲಿತೆ.

ಹಿಮಜಾರಾಟದ ಊರುಗಳಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳನ್ನು ಫಲಕಗಳಲ್ಲಿ ಬರೆದಿರುತ್ತಾರೆ. ಇವು ಶಾಸನವಲ್ಲ, ಆದರೂ ಅಪಘಾತದ ಮೊಕದ್ದಮೆಗಳಲ್ಲಿ ಅಲ್ಲಿನ ನ್ಯಾಯಾಲಯಗಳು ಇವುಗಳನ್ನೇ ಅಳತೆಗೋಲಾಗಿ ಹಿಡಿಯುತ್ತವೆ. ಯಾರಿಗೂ ಅಪಾಯವಾಗದಂತೆ ನಡೆಯಬೇಕು ಎಂಬುದು ಮೊದಲನೆಯದು. ಕಣ್ಣಿಗೆ ಕಾಣುವಷ್ಟು ದೂರಕ್ಕೂ ತನ್ನ ಸಾಮರ್ಥ್ಯಕ್ಕೂ ತಕ್ಕಂತೆ ವೇಗವಿರಬೇಕು ಎಂಬುದು ಎರಡನೆಯದು. ನಾಲ್ಕು ಮೊಳ ಮುಂದಿನ ನೆಲ ನೋಡಿಕೊಂಡು ಅಡಿಯಿಡುವ ಈರ್ಯಾಸಮಿತಿಯನ್ನು ಬಲ್ಲ ನನಗೆ ಅದು ಹೊಸತೆನಿಸಲಿಲ್ಲ. ಹಿಂದಿನಿಂದ, ಅಂದರೆ ಮೇಲಿನಿಂದ, ಬರುವವನು ಮುಂದಿರುವವರಿಗೆ ತೊಂದರೆಯಾಗದಂತೆ ತನ್ನ ದಾರಿಯನ್ನು ಆರಿಸಿಕೊಳ್ಳಬೇಕು ಎಂಬುದು ಮೂರನೆಯದು. ಅದನ್ನು ಓದಿದೆ, ತಲೆಯಾಡಿಸಿದೆ, ಮರೆತೆ.

ನಾಲ್ಕನೆಯ ದಿನ ಶಿಕ್ಷಕಿಯಿಲ್ಲದೆ ಅಳಿಯ ಮತ್ತು ಮೊಮ್ಮಗನೊಡನೆ ರೈಲಿನಲ್ಲಿ ಕ್ಲೈನ ಶೈಡೆಗ್‌ಗೆ ಏರಿದೆ. ಅಲ್ಲಿ ದಾರಿಗಳಿಗೆ ಬಣ್ಣದ ಗುರುತುಗಳಿವೆ: ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ನಾವು ಹಿಡಿದದ್ದು ನೀಲಿಯನ್ನೇ. ಮಧ್ಯಾಹ್ನದ ಹೊತ್ತಿಗೆ ಮೈ ದಣಿದಿತ್ತು. ಗಾಡಿಯಲ್ಲೇ ಇಳಿಯೋಣವೆಂದು ಅಳಿಯ ಹೇಳಿದನು. ಇನ್ನೊಂದು ಸಲ ಎಂದೆ. ನಡುದಾರಿಯಲ್ಲಿ ವೇಗ ಹೆಚ್ಚಿತು. ಮುಂದೆ, ಕೆಳಗಡೆ, ಹೆಚ್ಚುಕಡಮೆ ನನ್ನದೇ ವಯಸ್ಸಿನ ಹೆಂಗಸೊಬ್ಬರು ಎಡಕ್ಕೂ ಬಲಕ್ಕೂ ತಿರುಗುತ್ತ ನಿಧಾನವಾಗಿ ಇಳಿಯುತ್ತಿದ್ದರು. ನಿಲ್ಲುವ ವಿದ್ಯೆ ಕಾಲಿಗೆ ನೆನಪಾಗಲಿಲ್ಲ. "ಸರೀರಿ! ಸರೀರಿ!" ಎಂದು ಕನ್ನಡದಲ್ಲಿ ಕೂಗಿದೆ. ಅವರು ಎಡಕ್ಕೆ ತಿರುಗಿದರು. ನಾನು ಅವರನ್ನು ಡಿಕ್ಕಿ ಹೊಡೆದು ಕೆಡವಿದೆ.

ನನಗೇನೂ ಆಗಲಿಲ್ಲ. ಅವರು ಮುಂಗೈ ಹಿಡಿದುಕೊಂಡು ಹಿಮದಲ್ಲಿ ಕುಳಿತೇ ಇದ್ದರು. ಎದ್ದು ನಾನು ಆಡಿದ ಮೊದಲ ಮಾತು ಅವರನ್ನು ಕುರಿತು ಆಗಿರಲಿಲ್ಲ. ಅಳಿಯನಿಗೆ, "ಅವರ ಒಮ್ಮೆಲೆ ಅಡ್ಡ ಬಂದ್ರು" ಎಂದೆ. ಅಳಿಯ ಒಂದು ಕ್ಷಣ ಸುಮ್ಮನಿದ್ದು, "ಇಲ್ರಿ ಮಾವಾ, ಮ್ಯಾಲಿಂದ ಬಂದವರು ನಾವು. ಅವರಿಗೆ ಬೆನ್ನಿನ್ಯಾಗ ಕಣ್ಣಿಲ್ಲ" ಎಂದನು. ರಕ್ಷಣಾ ದಳದವರು ಸ್ಲೆಡ್ಜ್ ತಂದು ಅವರನ್ನು ಕರೆದೊಯ್ದರು. ಅಪಘಾತದಲ್ಲಿ ಪಾಲುಗೊಂಡವರು ಹೆಸರು ವಿಳಾಸ ಕೊಡಲೇಬೇಕೆಂಬುದು ಹತ್ತನೆಯ ನಿಯಮ, ಕೊಟ್ಟೆ. ನನ್ನ ಕೈ ನಡುಗುತ್ತಿತ್ತು.

ಸಂಜೆ ಮಗಳನ್ನು ಕರೆದುಕೊಂಡು ಅವರು ಇಳಿದುಕೊಂಡಿದ್ದ ಮನೆಗೆ ಹೋದೆ. ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಆದರೆ ವರ್ಷವಿಡೀ ಕಾದು ಬಂದ ಅವರ ರಜೆ ಅಲ್ಲಿಗೆ ಮುಗಿದಿತ್ತು. ತಪ್ಪು ನನ್ನದೆಂದು ಹೇಳಿದೆ. ಹೌದೆಂದು ಅವರು ಶಾಂತವಾಗಿ ಒಪ್ಪಿದರು. "ಪರವಾಗಿಲ್ಲ" ಎಂಬ ಮಾತನ್ನು ನಾನು ನಿರೀಕ್ಷಿಸಿದ್ದೆ. ಅವರು ಅದನ್ನು ಹೇಳಲಿಲ್ಲ. ಬಂದದ್ದಕ್ಕೆ ವಂದಿಸಿ ಬಾಗಿಲವರೆಗೆ ಬಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. "ಅಡ್ಡ ಬಂದರು" ಎಂಬ ಮಾತನ್ನು ಇದೇ ಬಾಯಿ ಹಿಂದೆಯೂ ಆಡಿತ್ತೆಂಬುದು ನೆನಪಾಯಿತು. 1998ರಲ್ಲಿ ಹೊಸ ಗೋದಾಮು ಕಟ್ಟಲು ಬ್ಯಾಂಕಿನಿಂದ ಸಾಲ ಎತ್ತಿದ್ದೆ. ಕಂತು ತೀರಿಸುವ ಒತ್ತಡದಲ್ಲಿ, ಚಿಲ್ಲರೆ ವ್ಯಾಪಾರಿಗಳಿಗೆ ಕೊಡುತ್ತಿದ್ದ ತೊಂಬತ್ತು ದಿನಗಳ ಉದ್ದರಿಯನ್ನು ಮುನ್ಸೂಚನೆಯಿಲ್ಲದೆ ಮೂವತ್ತು ದಿನಕ್ಕೆ ಇಳಿಸಿದೆ. ತಾಲ್ಲೂಕು ಸ್ಥಳವೊಂದರಲ್ಲಿ ಸಣ್ಣ ಬಟ್ಟೆಯಂಗಡಿ ಇಟ್ಟಿದ್ದ ಒಬ್ಬರು ಆ ಅವಧಿಯೊಳಗೆ ಹಣ ಹೊಂದಿಸಲಾರದೆ ಹೋದರು. ದೀಪಾವಳಿಯ ಮುಂಚೆ ಅವರಿಗೆ ಮಾಲು ನಿಲ್ಲಿಸಿದೆ. ಮರುವರ್ಷ ಅವರ ಅಂಗಡಿ ಮುಚ್ಚಿತು. ಕೇಳಿದವರಿಗೆಲ್ಲ, ಅವರಿಗೆ ವ್ಯಾಪಾರ ಬರುವುದಿಲ್ಲ, ನನ್ನ ಕಷ್ಟಕಾಲದಲ್ಲಿ ಅಡ್ಡವಾದರು ಎಂದೇ ಇಪ್ಪತ್ತೈದು ವರ್ಷ ಹೇಳುತ್ತ ಬಂದೆ. ಖಾತೆಯ ಪ್ರಕಾರ ಅವರು ಬಾಕಿದಾರರು, ನಾನು ನ್ಯಾಯವಂತ. ಬಿ.ಕಾಂ. ಓದಿದವನಿಗೆ ಜಮೆ ಖರ್ಚುಗಳ ತಾಳೆ ಸರಿಯಿತ್ತು. ಆದರೆ ಮೇಲಿದ್ದವನು ನಾನು. ಅವರ ಲೆಕ್ಕ ನನಗೆ ಕಾಣುತ್ತಿತ್ತು. ನನ್ನ ಸಾಲ, ನನ್ನ ಅವಸರ ಅವರಿಗೆ ಕಾಣುವಂತಿರಲಿಲ್ಲ. ನನ್ನ ಕೈಲಾಗದ ವೇಗ ತೆಗೆದುಕೊಂಡು ಇಳಿದವನೂ ನಾನೇ.

ಊರಿಗೆ ಮರಳಿದ ಮೇಲೆ ಹಳೆಯ ಖಾತೆಯ ಪುಸ್ತಕ ತೆಗೆಸಿ ವಿಳಾಸ ಹುಡುಕಿದೆ. ಅವರು ಈಗ ಮಗನೊಡನೆ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ಮಗನದು ಹೊಲಿಗೆಯ ಸಾಮಾನಿನ ಚಿಕ್ಕ ಅಂಗಡಿ. ಹೋಗಿ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಹಿಮದ ಕಥೆ ಹೇಳಲಿಲ್ಲ. ಉದ್ದರಿಯ ಕಥೆ ಮಾತ್ರ. ಅವರು ಚಹಾ ತರಿಸಿದರು. ಬಹಳ ಹೊತ್ತಿನ ಮೇಲೆ, "ಆವಾಗ ಒಂದು ತಿಂಗಳ ಮೊದಲ ಹೇಳಿದ್ರ ಸಾಕಾಗಿತ್ರಿ, ಸಾವಕಾರ್ರ" ಎಂದರು. ಅಷ್ಟೇ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೆ ನನ್ನ ಬಳಿ ಉತ್ತರವೂ ಇರಲಿಲ್ಲ. ಖಾತೆಯಲ್ಲಿ ಇನ್ನೂ ಅವರ ಹೆಸರಿಗೆ ನಿಂತಿದ್ದ ಬಾಕಿಗೆ ಅಂದೇ ಅಡ್ಡಗೆರೆ ಎಳೆದೆ. ಅದು ಪ್ರಾಯಶ್ಚಿತ್ತವೆಂದು ಹೇಳಿಕೊಳ್ಳಲಾರೆ. ಮುಚ್ಚಿದ ಅಂಗಡಿ ಅದರಿಂದ ತೆರೆಯುವುದಿಲ್ಲ.

ಈಗ ಅಂಗಡಿಯ ವ್ಯವಹಾರ ಮಗನ ಕೈಯಲ್ಲಿದೆ. ಕೊಡುವ ಅವಧಿಯಾಗಲಿ ದರವಾಗಲಿ ಬದಲಿಸುವುದಿದ್ದರೆ, ಎಲ್ಲ ವ್ಯಾಪಾರಿಗಳಿಗೂ ಎರಡು ತಿಂಗಳು ಮೊದಲೇ ಬರೆದು ತಿಳಿಸಬೇಕೆಂದು ಅವನಿಗೆ ಹೇಳಿದೆ. ಹಬ್ಬದ ಮುಂದಿನ ಎರಡು ತಿಂಗಳಲ್ಲಿ ಯಾವ ಬದಲಾವಣೆಯೂ ಕೂಡದು. ಇದರಿಂದ ನಮ್ಮ ಬಂಡವಾಳ ಕೆಲಕಾಲ ಸಿಕ್ಕಿಕೊಳ್ಳುತ್ತದೆಂದು ಅವನು ಲೆಕ್ಕ ತೋರಿಸಿದನು. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಒಪ್ಪಿದ್ದಾನೆ.

ನಮ್ಮಲ್ಲಿ ಅನೇಕರು ಅಂಗಡಿಗಳಲ್ಲಿ, ಸಂಸ್ಥೆಗಳಲ್ಲಿ, ಬಸದಿಗಳ ಆಡಳಿತ ಮಂಡಳಿಗಳಲ್ಲಿ ಮೇಲಿನ ಸ್ಥಾನದಲ್ಲಿ ಇರುವವರು. ಕೆಳಗಿರುವವರ ಬೆನ್ನು ನಮಗೆ ಕಾಣುತ್ತದೆ, ನಮ್ಮ ಮುಖ ಅವರಿಗೆ ಕಾಣುವುದಿಲ್ಲ. ಅವರು ಅಡ್ಡ ಬಂದರೆಂದು ಹೇಳುವ ಮೊದಲು ನಮ್ಮ ವೇಗವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಮೊಮ್ಮಗನು ಬರುವ ಚಳಿಗಾಲಕ್ಕೂ ಕರೆದಿದ್ದಾನೆ. ಹೋದರೆ ಊರ ನಡುವಿನ ಮಕ್ಕಳ ಇಳಿಜಾರಿನಲ್ಲಿಯೇ ಇರುತ್ತೇನೆ. ನಿಲ್ಲುವುದನ್ನು ಇನ್ನೂ ಸರಿಯಾಗಿ ಕಲಿಯಬೇಕಾಗಿದೆ.