ಪರದೆಯ ಹಿಂದಿನ ದೀಪ

ಚಾರ್ಮಾಡಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಅಪರೂಪ. ಹಾಗಾಗಿ ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ಲ್ಯಾಪ್‌ಟಾಪಿನ ಪರದೆ ಕಪ್ಪಾದಾಗ ಮೊದಲು ಮಳೆಯನ್ನೇ ಬೈದೆ. 2019ರ ಆಗಸ್ಟಿನಲ್ಲಿ ಘಾಟಿಯ ಗುಡ್ಡ ಜರಿದು, ಹೊಳೆ ಅಡಿಕೆ ತೋಟಗಳಿಗೆ ನುಗ್ಗಿದಾಗ ನಾನು ತೆಗೆದ ಫೋಟೋಗಳೆಲ್ಲ ಅದರಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ.

"ಬೋರ್ಡೇ ಹೋಗಿದೆ ಮಾಷ್ಟ್ರೇ, ಹೊಸತು ತಕ್ಕೊಳ್ಳಿ" ಎಂದ ಪೇಟೆಯ ಅಂಗಡಿಯವ.

ಮನಸ್ಸು ಒಪ್ಪಲಿಲ್ಲ. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತಿತ್ತು, ಶುರುವಾದ ಸದ್ದೂ ಬರುತ್ತಿತ್ತು. ರಾತ್ರಿ ಕೋಣೆಯ ದೀಪ ಆರಿಸಿ, ಪರದೆಗೆ ಓರೆಯಾಗಿ ಟಾರ್ಚು ಹಿಡಿದೆ. ಕಪ್ಪಿನೊಳಗೆ ಮಸುಕಾಗಿ ಅಕ್ಷರಗಳು ಕಂಡವು!

ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. 2010ಕ್ಕೆ ಮುಂಚಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದರ ಹಿಂದೆ ಪೆನ್ಸಿಲಿಗಿಂತ ಸಪೂರದ ಕೊಳವೆ ದೀಪವಿರುತ್ತದೆ. ಪಾದರಸದ ಆವಿ, ಅತಿನೇರಳೆ ಕಿರಣ, ಒಳಗೋಡೆಗೆ ಬಳಿದ ಫಾಸ್ಫರ್ ಲೇಪ. ನಮ್ಮ ಟ್ಯೂಬ್‌ಲೈಟಿನ ತಮ್ಮನೇ. ವರ್ಷಗಟ್ಟಲೆ ಇದನ್ನೇ ಪಾಠ ಮಾಡಿದವನಿಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮುಚ್ಚಳವನ್ನು ಹಿಂದೆ ಮುಂದೆ ಬಾಗಿಸಿದೆ. ಬೆಳಕು ಮಿಣುಕಿದ್ದರೆ ತಿರುಗಣಿಯಲ್ಲಿ ಸವೆದ ತಂತಿ ಎನ್ನಬಹುದಿತ್ತು, ಮಿಣುಕಲಿಲ್ಲ. ಉಳಿದದ್ದು ಆ ಕೊಳವೆ, ಇಲ್ಲವೇ ಅದಕ್ಕೆ ನೂರಾರು ವೋಲ್ಟ್ ಒದಗಿಸುವ ಇನ್ವರ್ಟರ್. ಅಲ್ಲಿಗೆ ಸ್ಕ್ರೂಡ್ರೈವರ್ ಹಾಕುವ ಧೈರ್ಯ ಮಾಡಲಿಲ್ಲ.

ಮರುದಿನ ಶಾಲೆಯ ಪ್ರೊಜೆಕ್ಟರಿಗೆ ಜೋಡಿಸಿದೆ. ಗೋಡೆಯ ಮೇಲೆ ಎಲ್ಲವೂ ಸ್ವಚ್ಛವಾಗಿ ಮೂಡಿತು. ಪೆನ್‌ಡ್ರೈವಿಗೆ ಫೋಟೋ ಇಳಿಸಿಕೊಳ್ಳುವಷ್ಟರಲ್ಲಿ ಮಕ್ಕಳು ಗುಂಪುಗೂಡಿದ್ದರು. ಮರಳು ತುಂಬಿದ ತೋಟವೊಂದರ ಚಿತ್ರ ಬಂದಾಗ ಹಿಂದಿನಿಂದ ಒಬ್ಬ ಮೆಲ್ಲಗೆ ಹೇಳಿದ:

"ಅದು ನಮ್ಮ ತೋಟ ಸಾರ್. ಆಗ ನಾನು ಎರಡನೇ ಕ್ಲಾಸು."